ಮುಳುಗಿದ ಹಡಗಿನ ಎಂಟು ರಿಯಾಲ್‌ಗೆ ನಾನು ಬೆಲೆ ಕಟ್ಟುವ ಬಗೆ

ಸ್ಪೇನಿನ ಹಳೆಯ ಬೆಳ್ಳಿ ನಾಣ್ಯ ಸಿಕ್ಕರೆ ಬಹಳ ಮಂದಿ ಮೊದಲು ಬೆಳ್ಳಿ ದರ ವಿಚಾರಿಸುತ್ತಾರೆ. 17ನೇ ಶತಮಾನದ ಎಂಟು ರಿಯಾಲ್ ‘ಕಾಬ್’ ಅಂದರೆ ಬೆಳ್ಳಿ ಪಟ್ಟಿಯಿಂದ ತುಂಡು ಕತ್ತರಿಸಿ, ಸುತ್ತಿಗೆಯಿಂದ ಅಚ್ಚು ಹೊಡೆದ ನಾಣ್ಯ. ಟಂಕಸಾಲೆ ಬಿಡುವಾಗ ಅದರ ತೂಕ ಸುಮಾರು 27.4 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 93 ಪಾಲು. ಹೆಚ್ಚೆಂದರೆ ಇಪ್ಪತ್ತೈದೂವರೆ ಗ್ರಾಂ ಬೆಳ್ಳಿ. ಇದು ತಳದ ಲೆಕ್ಕ ಮಾತ್ರ. ನಿಜವಾದ ಬೆಲೆ ನಿಂತಿರುವುದು ನಾಣ್ಯದ ಮೇಲೆ ಓದಲು ಸಿಗುವ ಗುರುತಿನಲ್ಲಿ, ಜೊತೆಗೆ ಬಂದ ಕಾಗದದಲ್ಲಿ.

ಮೊದಲು ಅಸಲಿಯೋ ನಕಲಿಯೋ ನೋಡುತ್ತೇನೆ. 0.01 ಗ್ರಾಂ ತೋರಿಸುವ ತಕ್ಕಡಿ, ಒಂದು ಲೋಟ ನೀರು, ಸಣ್ಣ ದಾರ ಇದ್ದರೆ ಸಾಕು. ನಾಣ್ಯವನ್ನು ಒಣಗಿದಂತೆಯೇ ತೂಗಿ ಬರೆದುಕೊಳ್ಳುತ್ತೇನೆ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೆ, ಬದಿಗೆ ತಾಗದಂತೆ ಮುಳುಗಿಸುತ್ತೇನೆ. ಉದಾಹರಣೆಗೆ ಒಣ ತೂಕ 24.86, ನೀರಿನಲ್ಲಿ ಅಂಕಿ 2.40. ಒಣ ತೂಕವನ್ನು ನೀರಿನ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ 10.36. ಇದು ಒಳ್ಳೆಯ ಬೆಳ್ಳಿ. ಒಂಬತ್ತರ ಆಸುಪಾಸು ಬಂದರೆ ತಾಮ್ರದ ಬೆರಕೆಯ ಗುಮಾನಿ, ಏಳಕ್ಕೆ ಇಳಿದರೆ ತವರದ ಎರಕ. ಆದರೆ ಸಮುದ್ರದ ನಾಣ್ಯದ ಗುಳಿಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಅಂಕಿ ತಪ್ಪುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿ, ಹತ್ತು ನಿಮಿಷ ನೆನೆಸಿ ಮತ್ತೆ ಅಳೆಯಬೇಕು. ಕಪ್ಪು ಸಲ್ಫೈಡ್ ಪದರ ದಪ್ಪಗಿದ್ದರೆ ಅಸಲಿಯೂ 10ಕ್ಕಿಂತ ಕೆಳಗೆ ತೋರಿಸೀತು. ಆಗ ಅಂಚನ್ನು ನೋಡುತ್ತೇನೆ. ಎರಕದ ನಕಲಿಯಲ್ಲಿ ಸುತ್ತಲೂ ಸಾಮಾನ್ಯವಾಗಿ ಸಣ್ಣ ಗೆರೆ ಉಳಿದಿರುತ್ತದೆ. ಕೈಯಲ್ಲಿ ಕತ್ತರಿಸಿದ ಎರಡು ಕಾಬ್‌ಗಳ ಆಕಾರ, ಬಿರುಕು ಒಂದೇ ತರ ಇರಲು ಸಾಧ್ಯವಿಲ್ಲ, ಹಾಗಿದ್ದರೆ ಕನಿಷ್ಠ ಒಂದು ನಕಲಿ.

ನಂತರ ಓದುವ ಕೆಲಸ. ವಾರೆ ಬೆಳಕಿನಲ್ಲಿ ಹತ್ತುಪಟ್ಟು ಭೂತಗನ್ನಡಿ ಹಿಡಿದು ನಾಣ್ಯದ ಮೇಲಿನ ಗುರಾಣಿ ಚಿತ್ರದ ಎಡಕ್ಕೆ ಟಂಕಸಾಲೆಯ ಗುರುತು ಹುಡುಕಬೇಕು. ‘ಪಿ’ ಇದ್ದರೆ ಈಗಿನ ಬೊಲಿವಿಯಾದ ಪೊಟೊಸಿ, ‘ಎಂ’ ಮೇಲೆ ಪುಟ್ಟ ಸೊನ್ನೆ ಇದ್ದರೆ ಮೆಕ್ಸಿಕೊ. ಅದರ ಕೆಳಗಿನ ಅಕ್ಷರ ಬೆಳ್ಳಿ ಪರೀಕ್ಷಕನದು. ಇಸವಿ ಅಂಚಿನ ಬರಹದಲ್ಲಿರುವುದರಿಂದ ಬಹುಪಾಲು ಕಾಬ್‌ಗಳಲ್ಲಿ ಕತ್ತರಿಸಿ ಹೋಗಿರುತ್ತದೆ. ಎರಡು ಅಂಕಿ ಉಳಿದಿದ್ದರೂ ಬೆಲೆ ಏರುತ್ತದೆ. ಪೊಟೊಸಿಯಲ್ಲಿ ಬೆಳ್ಳಿ ಕದ್ದು ತಾಮ್ರ ಬೆರೆಸಿದ ಹಗರಣ 1649ರ ಹೊತ್ತಿಗೆ ಬಯಲಾಗಿ, ಆ ನಾಣ್ಯಗಳ ಮೇಲೆ ಕಿರೀಟದ ಸಣ್ಣ ಮುದ್ರೆ ಒತ್ತಿ ಬೆಲೆ ಇಳಿಸಿದರು. 1652ರಿಂದ ಕಂಬ ಮತ್ತು ಅಲೆಗಳ ಹೊಸ ಅಚ್ಚು ಬಂತು. ಆ ಮುದ್ರೆ ಸ್ಪಷ್ಟವಾಗಿದ್ದರೆ, ಬೆಳ್ಳಿ ಕಡಿಮೆ ಎಂದು ನಾಣ್ಯವನ್ನು ಕೀಳಾಗಿ ಅಳೆಯಬೇಡಿ. ಸಂಗ್ರಾಹಕರು ಅದನ್ನೇ ಹುಡುಕುತ್ತಾರೆ.

ಉಪ್ಪುನೀರು ಎಷ್ಟು ತಿಂದಿದೆ ಎಂಬುದು ಮುಂದಿನ ಪ್ರಶ್ನೆ. ಗಂಟಾಗಿ ಅಂಟಿಕೊಂಡ ರಾಶಿಯ ಒಳಗಿದ್ದವು ಚೆನ್ನಾಗಿ ಉಳಿಯುತ್ತವೆ, ಹೊರಗಿದ್ದವು ಬಿಸ್ಕತ್ತಿನ ಹಾಗೆ ತೆಳ್ಳಗಾಗುತ್ತವೆ. 1622ರಲ್ಲಿ ಫ್ಲೋರಿಡಾ ಬಳಿ ಮುಳುಗಿದ ಅಟೋಚಾ ಹಡಗಿನ ನಾಣ್ಯಗಳನ್ನು 1ರಿಂದ 4ರವರೆಗೆ ದರ್ಜೆ ಮಾಡಿದ್ದಾರೆ. ಒಂದನೆಯದು ಉತ್ತಮ.

ಹಡಗಿನ ಹೆಸರಿಗೂ ಬೆಲೆಯಿದೆ, ಆದರೆ ಪ್ರಮಾಣಪತ್ರ ಇದ್ದರೆ ಮಾತ್ರ. ಪತ್ರದ ಫೋಟೊ, ತೂಕ ಕೈಯಲ್ಲಿರುವ ನಾಣ್ಯಕ್ಕೆ ಹೊಂದಬೇಕು. ಪತ್ರದ ಪ್ರತಿ ಸಾಲನ್ನೂ ಓದಿ: ಅಟೋಚಾದ ಬೆಳ್ಳಿ ಗಟ್ಟಿ ಕರಗಿಸಿ ಈಚೆಗೆ ಮಾಡಿದ ಪ್ರತಿಕೃತಿಗಳಿಗೂ ಪತ್ರ ಕೊಟ್ಟಿರುತ್ತಾರೆ, ಅವು ಹಳೆಯ ನಾಣ್ಯವಲ್ಲ.

ಕೊನೆಗೆ ಬೆಲೆ. ಮಾರುವವರು ಕೇಳುವ ದರ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಟಂಕಸಾಲೆ, ಅದೇ ಪರೀಕ್ಷಕ, ಅದೇ ಹಡಗು, ಅದೇ ದರ್ಜೆಯ ನಾಲ್ಕೈದು ಹರಾಜಿನ ಫಲಿತಾಂಶ ತೆಗೆದು, ಎಲ್ಲಕ್ಕಿಂತ ಮೇಲಿನದನ್ನು ಬಿಟ್ಟು ಸರಾಸರಿ ಹಾಕುತ್ತೇನೆ. ಆ ಅಂಕಿಗಳಲ್ಲಿ ಕೊಳ್ಳುವವರು ಕೊಟ್ಟ ಹರಾಜು ಶುಲ್ಕ ಸೇರಿದೆಯೇ ನೋಡಬೇಕು. ಸೇರಿದ್ದರೆ ಅದನ್ನು ಕಳೆದು, ಮಾರುವಾಗಿನ ಕಮಿಷನ್ನನ್ನೂ ಕಳೆದರೆ ಕೈಗೆ ಬರುವ ಮೊತ್ತ ಸಿಗುತ್ತದೆ. ಇಷ್ಟೆಲ್ಲ ಮುಗಿಯುವ ತನಕ ಬ್ರಷ್, ಹುಣಸೆಹುಳಿ, ಪಾಲಿಷ್ ಯಾವುದನ್ನೂ ಹತ್ತಿರ ಬಿಡಬೇಡಿ. ಪರೀಕ್ಷಕನ ಅಕ್ಷರ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.