ಹಳೆ ಗಿರಣಿಯ ಕಿಟಕಿ ನೋಡುವುದು ಹೇಗೆ?

ಹಳೆ ಕಾರ್ಖಾನೆ ಕಂಡರೆ ನಾನು ಮೊದಲು ಕಿಟಕಿ ಎಣಿಸುತ್ತೇನೆ. ಜೊತೆಗಿದ್ದವರಿಗೆ ಬೇಜಾರು, ಇರಲಿ. ನೀವೂ ಮಾಡಿ ನೋಡಿ.

ಕಿಟಕಿಯ ಮೇಲಂಚು ಗಮನಿಸಿ. ಹೆಚ್ಚುಕಮ್ಮಿ ಚಾವಣಿಗೇ ತಾಗುವಂತಿದೆ, ಅಲ್ವಾ? ಸುಮ್ನೆ ಅಂದಕ್ಕಲ್ಲ. ಮೇಲಂಚು ಎಷ್ಟು ಎತ್ತರವೋ ಅದರ ಸುಮಾರು 2 ಪಟ್ಟು ದೂರದವರೆಗೆ ಮಾತ್ರ ಬೆಳಕು ಚೆನ್ನಾಗಿ ಬೀಳುತ್ತದೆ. 4 ಮೀಟರ್ ಎತ್ತರ ಇದ್ದರೆ 8 ಮೀಟರ್. ಅದಕ್ಕೇ ಕಟ್ಟಡ ಉದ್ದ ಜಾಸ್ತಿ, ಅಗಲ ಕಮ್ಮಿ, ಎರಡೂ ಕಡೆ ಕಿಟಕಿ.

ಆಗ ಕರೆಂಟ್ ಇರಲಿಲ್ಲ. ಹತ್ತಿ ನೂಲುವ ಗಿರಣಿಯಲ್ಲಿ ಕಡಿದ ನೂಲಿನ ತುದಿ ಹುಡುಕಿ ಸೇರಿಸಲು ಬೆಳಕು ಬೇಕೇ ಬೇಕು. ದೀಪ ಹಚ್ಚೋಣವೆಂದರೆ ಗಾಳಿ ತುಂಬ ಹತ್ತಿಯ ದೂಳು, ಒಂದು ಕಿಡಿ ಸಾಕು.

ಇಷ್ಟೊಂದು ಕಿಟಕಿ ಗಾಳಿಗೇ ಇರಬೇಕು ಅಂದುಕೊಂಡಿದ್ದೆ ನಾನು. ಹತ್ತಿ ಗಿರಣಿಯಲ್ಲಿ ಉಲ್ಟಾ. ತೇವ ಆರಿದರೆ ನೂಲು ಕಡಿಯುತ್ತದೆ. ಹಾಗಾಗಿ ಎಷ್ಟೋ ಕಿಟಕಿಗಳು ಮುಚ್ಚಿಯೇ ಇರುತ್ತಿದ್ದವು.

ಚಾವಣಿ ಗರಗಸದ ಹಲ್ಲಿನಂತಿದ್ದರೆ ದಿಕ್ಕು ನೋಡಿಕೊಳ್ಳಿ. ಭೂಮಧ್ಯರೇಖೆಗಿಂತ ಮೇಲಿನ ದೇಶಗಳಲ್ಲಿ ಆ ಹಲ್ಲುಗಳ ಗಾಜಿನ ಬದಿ ಸಾಮಾನ್ಯವಾಗಿ ಉತ್ತರಕ್ಕೆ. ನೇರ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ.

ಕೊನೆಗೆ, ಇಟ್ಟಿಗೆ ತುಂಬಿದ ಕಿಟಕಿ ಹುಡುಕಿ. ಅಲ್ಲಿ ಇಟ್ಟಿಗೆಯ ಬಣ್ಣವೇ ಬೇರೆ ಕಾಣಬಹುದು. 1930ರ ದಶಕದ ಕೊನೆಗೆ ಟ್ಯೂಬ್‌ಲೈಟ್ ಮಾರಾಟಕ್ಕೆ ಬಂತು. ಆಮೇಲೆ ಹೀಗೆ ಮುಚ್ಚಿದ್ದು ಜಾಸ್ತಿ.