ಮಲಾವಿಯ ಹಳ್ಳಿಶಾಲೆಗೆ ಸಭೆಯ ನೆರವು: ಸಣ್ಣ ಸೇವಾಸಂಸ್ಥೆಯನ್ನು ನಡೆಸುವ ಬಗೆ

ನಾನು ಖಜಾಂಚಿಯಾಗಿರುವ ಸೇವಾಸಂಸ್ಥೆ ತೀರ ಚಿಕ್ಕದು. ಇಂಗ್ಲೆಂಡಿನ ಒಂದು ಪಟ್ಟಣದ ಕ್ರೈಸ್ತ ಸಭೆಗೆ ಸೇರಿದ ನಲವತ್ತರಷ್ಟು ಕುಟುಂಬಗಳು, ಅವುಗಳಲ್ಲಿ ನಮ್ಮದೂ ಸೇರಿದಂತೆ ಮೂರು ಕನ್ನಡದ ಮನೆಗಳು, ಒಟ್ಟಾಗಿ ಆಫ್ರಿಕಾದ ಮಲಾವಿ ದೇಶದ ಒಂದು ಪ್ರಾಥಮಿಕ ಶಾಲೆಗೆ ನೆರವಾಗುತ್ತಿದ್ದೇವೆ. ಮೊದಲ ವರ್ಷ ಶಾಲೆಯ ಕೈಪಂಪು ಕೆಟ್ಟಿದೆಯೆಂದು ಅಲ್ಲಿಯ ಮುಖ್ಯೋಪಾಧ್ಯಾಯರು ಬರೆದಾಗ, ಹೊಸ ಕೊಳವೆಬಾವಿಯನ್ನೇ ತೋಡಿಸಿಬಿಡೋಣವೆಂಬ ಉತ್ಸಾಹದಲ್ಲಿ ನಾವು ನಾಲ್ಕು ತಿಂಗಳು ಕೇಕು ಮಾರಿದೆವು, ಗಾಯನದ ಸಂಜೆಗಳನ್ನು ಏರ್ಪಡಿಸಿದೆವು. ಕಡೆಗೆ ನಮ್ಮಲ್ಲೊಬ್ಬರು ಫೋನು ಮಾಡಿ ವಿಚಾರಿಸಿದಾಗ, ಬಾವಿಯಲ್ಲಿ ನೀರಿಗೇನೂ ಕೊರತೆಯಿಲ್ಲ, ಪಂಪಿನ ಒಳಗಿನ ರಬ್ಬರ್ ವಾಷರ್ ಸವೆದಿದೆ, ಒಂದು ಸರಳು ಮುರಿದಿದೆ, ಅಷ್ಟೇ ಎಂದು ತಿಳಿಯಿತು. ಆ ನಾಲ್ಕು ತಿಂಗಳೂ ಹೆಣ್ಣುಮಕ್ಕಳು ಪಾಠ ಬಿಟ್ಟು ಹಳ್ಳದಿಂದ ನೀರು ಹೊತ್ತಿದ್ದರು.

ಅಲ್ಲಿ ಬಳಕೆಯಲ್ಲಿರುವ ಆಫ್ರಿಡೆವ್ ಎಂಬ ಪಂಪು 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾಗಳಲ್ಲಿ ರೂಪುಗೊಂಡದ್ದು, ಊರಿನ ಹೆಂಗಸರೇ ಒಂದು ಸ್ಪ್ಯಾನರ್ ಹಿಡಿದು ಬಿಚ್ಚಿ ರಿಪೇರಿ ಮಾಡಿಕೊಳ್ಳಲಿ ಎಂಬುದೇ ಅದರ ವಿನ್ಯಾಸದ ಉದ್ದೇಶ. ನಮ್ಮ ಕಡೆ ಬೋರಿಂಗ್ ಎನ್ನುವ ಇಂಡಿಯಾ ಮಾರ್ಕ್ 2 ಪಂಪನ್ನು ನೋಡಿ ಬೆಳೆದ ನನಗೆ, ಅದರ ಕಬ್ಬಿಣದ ಪೈಪುಗಳನ್ನು ಮೇಲೆತ್ತಲು ನಾಲ್ಕಾರು ಆಳುಗಳೂ ಮೆಕ್ಯಾನಿಕ್ಕೂ ಬರುವವರೆಗೆ ಕಾಯುವುದೇ ರೂಢಿಯಾಗಿದ್ದರಿಂದ, ಕೆಟ್ಟ ಪಂಪೆಂದರೆ ದೊಡ್ಡ ಖರ್ಚೆಂಬ ಕಲ್ಪನೆ ತಲೆಯಲ್ಲಿ ಕೂತುಬಿಟ್ಟಿತ್ತು. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಮೊದಲ ಸೂಚನೆಯೂ ಇದೇ ಆಗಿದೆ: ಹಣ ಕೂಡಿಸುವ ಮೊದಲು ಏನು ಬೇಕೆಂದು ಕೇಳಬೇಕು, ಕೇಳಿದ ಮೇಲೆ ಆ ವಸ್ತುವಿನ ಐದನೆಯ ವರ್ಷದ ಖರ್ಚನ್ನು ಯಾರು ಹೊರುತ್ತಾರೆಂದೂ ಕೇಳಬೇಕು.

ಜೊತೆಗಾರರನ್ನು ಹುಡುಕುವುದು

ಸಣ್ಣ ಸಂಸ್ಥೆಯು ಒಂದು ದೇಶ, ಒಂದು ಜಿಲ್ಲೆ, ಸಾಧ್ಯವಾದರೆ ಒಂದೇ ಶಾಲೆಗೆ ತನ್ನನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಐದು ದೇಶಗಳಿಗೆ ತಲಾ ಐನೂರು ಪೌಂಡು ಕಳಿಸುವ ಸಂಸ್ಥೆಗೆ ಆ ಐದರಲ್ಲಿ ಒಂದರ ಪರಿಚಯವೂ ಸರಿಯಾಗಿ ಇರುವುದಿಲ್ಲ. ಮಲಾವಿಯಲ್ಲಿ ಜೊತೆಗಾರರನ್ನು ಹುಡುಕುವುದು ಸಭೆಗಳಿಗೆ ಅಷ್ಟು ಕಷ್ಟವಲ್ಲ. ಸ್ಕಾಟ್ಲೆಂಡಿನ ಮಿಷನರಿಗಳು 1875ರಲ್ಲಿ ಲಿವಿಂಗ್‌ಸ್ಟೋನಿಯಾ ಮಿಷನ್ನನ್ನೂ ಮರುವರ್ಷ ಬ್ಲಾಂಟೈರ್ ಮಿಷನ್ನನ್ನೂ ಆರಂಭಿಸಿದರು. ಅವುಗಳಿಂದ ಬೆಳೆದ ಚರ್ಚ್ ಆಫ್ ಸೆಂಟ್ರಲ್ ಆಫ್ರಿಕಾ ಪ್ರೆಸ್ಬಿಟೇರಿಯನ್ ಸಭೆಗೆ ಉತ್ತರದಲ್ಲಿ ಲಿವಿಂಗ್‌ಸ್ಟೋನಿಯಾ, ನಡುವೆ ಎನ್‌ಖೋಮಾ, ದಕ್ಷಿಣದಲ್ಲಿ ಬ್ಲಾಂಟೈರ್ ಎಂಬ ಸಿನಡ್‌ಗಳು, ಅಂದರೆ ಪ್ರಾದೇಶಿಕ ಆಡಳಿತ ಮಂಡಳಿಗಳು, ಇದ್ದು, ಅವು ಶಾಲೆಗಳನ್ನು ನೋಡಿಕೊಳ್ಳುತ್ತವೆ. ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಿಗೂ ಅಲ್ಲಿ ಬಹಳಷ್ಟು ಶಾಲೆಗಳಿವೆ. ಹೀಗೆ ಸಭೆಗೆ ಸೇರಿದ ಶಾಲೆಗಳಲ್ಲಿಯೂ ಸಾಮಾನ್ಯವಾಗಿ ಶಿಕ್ಷಕರ ಸಂಬಳವನ್ನು ಸರ್ಕಾರವೇ ಕೊಡುತ್ತದೆ, ನಮ್ಮ ಅನುದಾನಿತ ಶಾಲೆಗಳಿದ್ದ ಹಾಗೆ.

ಹಾಗಾದರೆ ಕೊರತೆ ಎಲ್ಲಿದೆ ಎಂಬುದನ್ನು ತಿಳಿಯಲು 1994ಕ್ಕೆ ಹೋಗಬೇಕು. ಆ ವರ್ಷ ಮಲಾವಿ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದುಮಾಡಿತು, ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಮ್ಮೆಲೇ 30 ಲಕ್ಷದ ಹತ್ತಿರಕ್ಕೆ ಏರಿತು. ಕೊಠಡಿಗಳು, ಪುಸ್ತಕಗಳು, ತರಬೇತಾದ ಶಿಕ್ಷಕರು ಆ ವೇಗದಲ್ಲಿ ಹೆಚ್ಚಲು ಸಾಧ್ಯವಿರಲಿಲ್ಲ. ಆದ್ದರಿಂದ ಇಂದಿಗೂ ಹಳ್ಳಿಯ ಶಾಲೆಗಳಲ್ಲಿ ಒಂದನೆಯ ತರಗತಿಯ ನೂರಕ್ಕೂ ಹೆಚ್ಚು ಮಕ್ಕಳು ಮಾವಿನ ಮರದ ಕೆಳಗೆ ಕೂತಿರುವುದನ್ನು ಕಾಣಬಹುದು. ಹೊರಗಿನವರ ಕಣ್ಣಿಗೆ ಬೇಗ ಬೀಳದ ಕೊರತೆಯೆಂದರೆ ಶಿಕ್ಷಕರ ಮನೆ. ಬಾಡಿಗೆಗೆ ಗಟ್ಟಿಯಾದ ಮನೆ ಸಿಗದ ಊರಿನಲ್ಲಿ ಶಿಕ್ಷಕರು, ಅದರಲ್ಲೂ ಶಿಕ್ಷಕಿಯರು, ನಿಲ್ಲುವುದಿಲ್ಲ. ನಮ್ಮನ್ನು ಕೇಳಿದರೆ ಮೂರನೆಯ ಕೊಠಡಿಗಿಂತ ಮೊದಲನೆಯ ಶಿಕ್ಷಕಿಯ ಮನೆಯೇ ಮೇಲು.

ಜೊತೆಗಾರರೊಡನೆ ಮಾತಾಡುವಾಗ ಸಿನಡ್‌ನ ಶಿಕ್ಷಣ ಕಚೇರಿ, ಶಾಲಾ ಆಡಳಿತ ಸಮಿತಿ, ತಾಯಂದಿರ ಗುಂಪು ಮತ್ತು ಊರಿನ ಮುಖ್ಯಸ್ಥರು, ಈ ನಾಲ್ವರನ್ನೂ ಒಳಗೊಳ್ಳುವುದು ಅಗತ್ಯ. ಕೇವಲ ಮುಖ್ಯೋಪಾಧ್ಯಾಯರೊಬ್ಬರ ಮೇಲೆ ನಿಂತ ವ್ಯವಸ್ಥೆ ಅವರ ವರ್ಗಾವಣೆಯೊಡನೆ ಮುಗಿಯುತ್ತದೆ. ತಾಯಂದಿರ ಗುಂಪನ್ನು ಹಗುರಾಗಿ ಕಾಣಬಾರದು, ಶಾಲೆ ಬಿಟ್ಟ ಹುಡುಗಿಯ ಮನೆಗೆ ಹೋಗಿ ಮಾತಾಡಿ ಮರಳಿ ಕರೆತರುವವರು ಅವರೇ.

ಒಪ್ಪಂದ ಎರಡು ಪುಟ ಮೀರಬೇಕಾಗಿಲ್ಲ. ಯಾವ ಕೆಲಸ, ಎಷ್ಟು ಹಣ, ಯಾರ ಸಹಿಯಿಂದ ಹಣ ತೆಗೆಯಬೇಕು, ಲೆಕ್ಕ ಯಾವಾಗ ಬರಬೇಕು, ನಮ್ಮ ನೆರವು ಯಾವ ವರ್ಷದಿಂದ ಇಳಿಯುತ್ತದೆ ಎಂಬಿಷ್ಟನ್ನು ಬರೆದರೆ ಸಾಕು. ನೆರವು ಎಲ್ಲ ಧರ್ಮದ ಮಕ್ಕಳಿಗೂ ಸಲ್ಲುತ್ತದೆಂಬ ಮಾತನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮಲಾವಿ ಸರೋವರದ ದಕ್ಷಿಣದಂಚಿನ ಮಂಗೋಚಿ ಜಿಲ್ಲೆಯಂಥ ಕಡೆ ಯಾವೊ ಸಮುದಾಯದ ಮುಸ್ಲಿಮರೇ ಹೆಚ್ಚು, ಅಂಥಲ್ಲಿ ಸಭೆಯ ಹಣವೆಂದರೆ ಮತಾಂತರದ ಹಣವೆಂಬ ಅನುಮಾನಕ್ಕೆ ಎಡೆಗೊಡಬಾರದು.

ಇಂಗ್ಲೆಂಡಿನಲ್ಲಿ ಕಾಗದಪತ್ರ

ಮೊದಲ ಒಂದೆರಡು ವರ್ಷ ಪ್ರತ್ಯೇಕ ಸಂಸ್ಥೆ ಕಟ್ಟದೆ, ಸಭೆಯ ಲೆಕ್ಕದಲ್ಲಿಯೇ ಈ ಉದ್ದೇಶಕ್ಕೆ ಮೀಸಲಾದ ನಿಧಿಯೊಂದನ್ನು ಇಟ್ಟುಕೊಳ್ಳುವುದು ಜಾಣತನ. ಕೆಲಸ ನೆಲೆಯೂರಿತು ಅನ್ನಿಸಿದ ಮೇಲೆ ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಷನ್ ಎಂಬ ರೂಪದಲ್ಲಿ ನೋಂದಾಯಿಸಿದರೆ, ಸಂಸ್ಥೆಯ ಸಾಲಕ್ಕೆ ಟ್ರಸ್ಟಿಗಳ ಮನೆಮಾರು ಹೊಣೆಯಾಗುವುದು ಸಾಮಾನ್ಯವಾಗಿ ತಪ್ಪುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯ ಚಾರಿಟಿಯೊಂದರ ವಾರ್ಷಿಕ ಆದಾಯ 5,000 ಪೌಂಡು ದಾಟಿದಾಗ, ಸೇವಾಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್ನಿನಲ್ಲಿ ನೋಂದಣಿ ಕಡ್ಡಾಯ, ಮೇಲೆ ಹೇಳಿದ ರೂಪವಾದರೆ ಆದಾಯ ಎಷ್ಟೇ ಇರಲಿ ನೋಂದಾಯಿಸಲೇಬೇಕು. ಟ್ರಸ್ಟಿಗಳು ಕನಿಷ್ಠ ಮೂವರಿರುವುದು ಒಳ್ಳೆಯದು, ಅವರಲ್ಲಿ ಇಬ್ಬರು ಗಂಡಹೆಂಡಿರಾಗಿರುವುದು ಒಳ್ಳೆಯದಲ್ಲ. ಲೆಕ್ಕವರ್ಷ ಮುಗಿದ ಹತ್ತು ತಿಂಗಳೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು.

ತೆರಿಗೆ ಇಲಾಖೆಯಲ್ಲಿಯೂ ಬೇರೆಯಾಗಿ ನೋಂದಾಯಿಸಿಕೊಂಡರೆ ಗಿಫ್ಟ್ ಏಡ್ ದೊರೆಯುತ್ತದೆ. ತೆರಿಗೆ ಕಟ್ಟುವ ದಾನಿಯೊಬ್ಬರು ಸಹಿ ಮಾಡಿಕೊಟ್ಟ ಘೋಷಣೆಯಿದ್ದರೆ ಅವರ ಒಂದೊಂದು ಪೌಂಡಿಗೂ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಕಾಣಿಕೆ ಚೀಲಕ್ಕೆ ಬೀಳುವ ಹೆಸರಿಲ್ಲದ ನಗದಿನಲ್ಲಿ, ತಲಾ 30 ಪೌಂಡು ಮೀರದ ಕಾಣಿಕೆಗಳ ಮೇಲೆ, ವರ್ಷಕ್ಕೆ ಒಟ್ಟು 8,000 ಪೌಂಡಿನವರೆಗೆ ಇದೇ ಪ್ರಮಾಣದ ಹಣ ಪಡೆಯಲು ಇನ್ನೊಂದು ಯೋಜನೆಯಿದೆ. ಆದರೆ ಕೇಕು ಮಾರಿ ಬಂದದ್ದು, ಊಟದ ಟಿಕೇಟಿನಿಂದ ಬಂದದ್ದು ದಾನವಲ್ಲ, ಮಾರಾಟ, ಅದಕ್ಕೆ ಗಿಫ್ಟ್ ಏಡ್ ಇಲ್ಲ. ನಾನು ಮೊದಲ ಸಲ ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದು, ಒಂದು ಇಡೀ ಶನಿವಾರ ಕೂತು ಬೇರ್ಪಡಿಸಿದ್ದೇನೆ. ಹೊರದೇಶಕ್ಕೆ ಕಳಿಸಿದ ಹಣ ಉದ್ದೇಶಿತ ಕೆಲಸಕ್ಕೇ ಸಂದಿತೆಂದು ತೋರಿಸುವ ಹೊಣೆಯೂ ಟ್ರಸ್ಟಿಗಳದೇ ಆದ್ದರಿಂದ, ರಸೀದಿ ಮತ್ತು ಫೋಟೋಗಳ ಕಡತವನ್ನು ಮೊದಲ ದಿನದಿಂದಲೇ ಇಡಬೇಕು.

ಕರ್ನಾಟಕದಲ್ಲಿದ್ದುಕೊಂಡೇ ಇಂಥದ್ದನ್ನು ಮಾಡಬಹುದೇ ಎಂದು ಊರಿನ ಸಭೆಯವರು ಕೇಳುವುದುಂಟು. ಭಾರತದ ಧರ್ಮಾರ್ಥ ಟ್ರಸ್ಟು ತನ್ನ ಆದಾಯವನ್ನು ದೇಶದ ಹೊರಗೆ ವೆಚ್ಚಮಾಡಿದರೆ, ವಿಶೇಷ ಅನುಮತಿಯಿಲ್ಲದೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ವ್ಯಕ್ತಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರುಗಳ ಒಟ್ಟು ಮಿತಿಯೊಳಗೆ ದಾನವಾಗಿ ಕಳಿಸಬಹುದು, ಆದರೆ ವಿದೇಶಿ ಸಂಸ್ಥೆಗೆ ಕೊಟ್ಟ ದಾನಕ್ಕೆ ಇಲ್ಲಿಯ ತೆರಿಗೆ ರಿಯಾಯಿತಿ ಇಲ್ಲ. ನನ್ನ ಅಭಿಪ್ರಾಯದಲ್ಲಿ ಊರಿನವರು ಹಣಕ್ಕಿಂತ ಅನುಭವ ಕೊಡುವುದೇ ಸರಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಅದಕ್ಕೂ ಮೊದಲು, 1828ರಲ್ಲಿಯೇ, ಇಂದಿನ ಘಾನಾದ ಕರಾವಳಿಗೆ ತನ್ನವರನ್ನು ಕಳಿಸಿತ್ತು, 1848ರಲ್ಲಿ ಅಕ್ರೊಪಾಂಗ್‌ನಲ್ಲಿ ಶಿಕ್ಷಕರನ್ನು ತಯಾರಿಸುವ ಶಾಲೆ ತೆರೆಯಿತು. ಊರಿನವರನ್ನೇ ಶಿಕ್ಷಕರನ್ನಾಗಿ ತಯಾರಿಸುವ ಶಾಲೆಯಿಂದ ಏನಾಗುತ್ತದೆಂದು ನಮ್ಮ ಮುತ್ತಜ್ಜಿಯರ ಕಾಲದಿಂದ ಕಂಡವರು ನಾವು, ಆ ಕಥೆಯನ್ನು ಮಲಾವಿಯ ಶಿಕ್ಷಕರು ಆಸಕ್ತಿಯಿಂದ ಕೇಳುತ್ತಾರೆ.

ಹಣ ಕಳಿಸುವ ಹದ

ಇಲ್ಲಿ ತಿಂಗಳ ಲೆಕ್ಕ ಬಹಳ ಮುಖ್ಯ. ಇಂಗ್ಲೆಂಡಿನ ಸಭೆಗಳಲ್ಲಿ ಸುಗ್ಗಿಯ ಆರಾಧನೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ನಡೆಯುತ್ತದೆ, ಹೆಚ್ಚು ಕಾಣಿಕೆ ಬರುವುದೂ ಆಗಲೇ. ಮಲಾವಿಯಲ್ಲಿ ಮೆಕ್ಕೆಜೋಳದ ಕೊಯ್ಲು ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಗಿದು, ಮನೆಯ ಕಣಜ ಬರಿದಾಗುವ ಹಸಿವಿನ ತಿಂಗಳುಗಳು ಜನವರಿಯಿಂದ ಮಾರ್ಚ್‌ವರೆಗೆ ಬರುತ್ತವೆ. ಆದ್ದರಿಂದ ಅಕ್ಟೋಬರಿನ ಕಾಣಿಕೆಯನ್ನು ಜನವರಿಯಲ್ಲಿ ಶಾಲೆಯ ಮಕ್ಕಳಿಗೆ ಕೊಡುವ ಗಂಜಿಗೆಂದೇ ತೆಗೆದಿಡುವುದು ಸೂಕ್ತ. ಕಟ್ಟಡದ ಹಣವಾದರೆ ಮೇ ತಿಂಗಳಲ್ಲಿ ಅಲ್ಲಿರಬೇಕು. ನವೆಂಬರಿನಲ್ಲಿ ಮಳೆ ಹಿಡಿಯಿತೆಂದರೆ ಸಿಮೆಂಟಿನ ಲಾರಿ ಹಳ್ಳಿಯ ರಸ್ತೆಯಲ್ಲಿ ಹೂತುಕೊಳ್ಳುತ್ತದೆ, ಹಸಿ ಇಟ್ಟಿಗೆ ಕರಗುತ್ತದೆ.

ಇನ್ನೊಂದು ತೊಡಕು ನಾಣ್ಯದ್ದು. 2023ರ ನವೆಂಬರಿನಲ್ಲಿ ಮಲಾವಿಯ ಕ್ವಾಚಾವನ್ನು ಒಮ್ಮೆಲೇ ಅಪಮೌಲ್ಯಗೊಳಿಸಲಾಯಿತು, ಡಾಲರಿಗೆ ಸುಮಾರು 1,180 ಇದ್ದದ್ದು 1,700 ಆಯಿತು. ಪೌಂಡಿಗೆ ಹೆಚ್ಚು ಕ್ವಾಚಾ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಸಕ್ಕರೆ, ತಗಡು, ಡೀಸೆಲ್ಲಿನ ಬೆಲೆ ಏರಿತು. ಅಂದಿನಿಂದ ನಾವು ಇಡೀ ವರ್ಷದ ಹಣವನ್ನು ಒಮ್ಮೆಗೇ ಕಳಿಸದೆ ಮೂರು ಕಂತು ಮಾಡಿದ್ದೇವೆ, ಹಿಂದಿನ ಕಂತಿನ ಲೆಕ್ಕ ಬಂದ ಮೇಲೆಯೇ ಮುಂದಿನದು ಹೋಗುತ್ತದೆ. ಹಣ ಸಿನಡ್‌ನ ಅಥವಾ ಶಾಲೆಯ ಬ್ಯಾಂಕ್ ಖಾತೆಗೇ ಹೋಗಬೇಕು. ತುರ್ತೆಂದು ಒಬ್ಬ ವ್ಯಕ್ತಿಯ ಮೊಬೈಲ್ ಖಾತೆಗೆ ಕಳಿಸುವುದು, ಅವರು ಎಷ್ಟೇ ಪ್ರಾಮಾಣಿಕರಿರಲಿ, ಅವರನ್ನೇ ಕಷ್ಟಕ್ಕೆ ಸಿಕ್ಕಿಸುತ್ತದೆ, ಬಳಗದವರೆಲ್ಲ ಸಾಲ ಕೇಳುವುದು ಆಮೇಲೆ ಅವರನ್ನೇ.

ಯಾವುದಕ್ಕೆ ಕೊಡಬೇಕು

ಗಂಜಿಯಿಂದ ಹಾಜರಿ ಹೆಚ್ಚುತ್ತದೆ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಈ ಗಂಜಿಯನ್ನು ಅಲ್ಲಿ ಲಿಕುನಿ ಫಾಲಾ ಎನ್ನುತ್ತಾರೆ. ಮಕ್ಕಳು ಬಣ್ಣಬಣ್ಣದ ಪ್ಲಾಸ್ಟಿಕ್ ಲೋಟ ಹಿಡಿದು ಸಾಲುನಿಲ್ಲುತ್ತಾರೆ, ತಾಯಂದಿರು ಬೆಳಗಿನ ಜಾವವೇ ಬಂದು ದೊಡ್ಡ ಹಂಡೆಯಲ್ಲಿ ಮರದ ಹುಟ್ಟು ಹಾಕಿ ತಿರುವುತ್ತಿರುತ್ತಾರೆ. ಆದರೆ ಆರಂಭಿಸಿ ನಿಲ್ಲಿಸಿದ ಗಂಜಿಯಷ್ಟು ಕೆಟ್ಟದ್ದು ಬೇರೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮೇರೀಸ್ ಮೀಲ್ಸ್ ಸಂಸ್ಥೆ 2002ರಲ್ಲಿ ಬ್ಲಾಂಟೈರ್ ಬಳಿ 200 ಮಕ್ಕಳಿಂದ ಈ ಕೆಲಸ ತೊಡಗಿ ಬಹಳ ದೊಡ್ಡದಾಗಿ ಬೆಳೆದಿದೆ. ಅಂಥವರು ಈಗಾಗಲೇ ಊಟ ಕೊಡುತ್ತಿರುವ ಶಾಲೆಯಲ್ಲಿ ನಾವು ಇನ್ನೊಂದು ಒಲೆ ಹೂಡುವ ಅಗತ್ಯವಿಲ್ಲ.

ಕಟ್ಟಡದಲ್ಲಿ ಅಲ್ಲಿಯ ರೂಢಿಯನ್ನೇ ಪಾಲಿಸಬೇಕು: ಊರಿನವರು ಇಟ್ಟಿಗೆ, ಮರಳು, ನೀರು ಒದಗಿಸುತ್ತಾರೆ, ಹೊರಗಿನವರು ಸಿಮೆಂಟು, ತಗಡು, ಮೇಸ್ತ್ರಿಯ ಕೂಲಿ ಕೊಡುತ್ತಾರೆ. ಊರು ಇಟ್ಟಿಗೆ ಮಾಡಿ ಮುಗಿಸುವವರೆಗೆ ಕಾಯುವುದು ದಾನಿಗಳಿಗೆ ಬೇಸರದ ಸಂಗತಿ, ಆದರೆ ತಾವೇ ಮಾಡಿದ ಇಟ್ಟಿಗೆಯ ಗೋಡೆ ಬಿರುಕುಬಿಟ್ಟರೆ ಅವರು ನಮ್ಮ ಪತ್ರಕ್ಕೆ ಕಾಯದೆ ಗಾರೆ ಮೆತ್ತುತ್ತಾರೆ. ಇಟ್ಟಿಗೆ ಸುಡಲು ಕಾಡಿನ ಸೌದೆ ಬಹಳ ಹೋಗುವುದರಿಂದ, ಸಿಮೆಂಟು ಬೆರೆಸಿ ಒತ್ತಿದ ಸುಡದ ಮಣ್ಣಿನ ಇಟ್ಟಿಗೆಗೆ ಸ್ವಲ್ಪ ಹೆಚ್ಚು ಹಣ ತಗುಲಿದರೂ ಕೊಡುವುದು ಉಚಿತ.

ನಮ್ಮ ಹಣ ಅತಿ ಹೆಚ್ಚು ಕೆಲಸ ಮಾಡಿದ್ದು ಮಾತ್ರ ಪ್ರೌಢಶಾಲೆಗೆ ಹೋಗುವ ಹುಡುಗಿಯರಿಗೆ ಕೊಟ್ಟ ಸಹಾಯಧನದಲ್ಲಿ. ಎಂಟನೆಯ ತರಗತಿಯ ನಂತರದ ಶಾಲೆ ದೂರವಿರುತ್ತದೆ, ಹಾಸ್ಟೆಲ್ಲು ಬೇಕು, ಹಾಸ್ಟೆಲ್ಲಿಗೆ ಹೋಗಲು ಹಾಸಿಗೆ, ಬಕೆಟ್ಟು, ಸೋಪು, ಪ್ಯಾಡು, ಓದಲು ಸೌರದೀಪ ಬೇಕು. ಶುಲ್ಕವನ್ನಷ್ಟೇ ಕಟ್ಟಿ ಇವುಗಳನ್ನು ಮರೆತ ವರ್ಷ ನಮ್ಮ ಇಬ್ಬರು ಹುಡುಗಿಯರು ಮೊದಲ ಅವಧಿಯಲ್ಲಿಯೇ ಮನೆಗೆ ಮರಳಿದರು. ಮಲಾವಿಯ ಕಾನೂನು 2015ರಲ್ಲಿ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು, ದೆಡ್ಜಾ ಜಿಲ್ಲೆಯ ಹಿರಿಯ ನಾಯಕಿ ಥೆರೆಸಾ ಕಚಿಂಡಮೊಟೊ ನೂರಾರು ಬಾಲ್ಯವಿವಾಹಗಳನ್ನು ಮುರಿಸಿ ಹುಡುಗಿಯರನ್ನು ಶಾಲೆಗೆ ಕಳಿಸಿದರು. ಆದರೂ ಶಾಲೆ ಬಿಟ್ಟು ಮನೆಯಲ್ಲಿ ಕೂತ ಹದಿನೈದರ ಹುಡುಗಿಯನ್ನು ಬಡತನ ಬಹಳ ದಿನ ಹಾಗೆಯೇ ಬಿಡುವುದಿಲ್ಲ. ಯಾರಿಗೆ ಸಹಾಯಧನವೆಂಬುದನ್ನು ಅಲ್ಲಿಯ ಸಮಿತಿಯೇ ನಿರ್ಧರಿಸಲಿ. ಇಲ್ಲಿಯ ಒಂದೊಂದು ಮನೆಗೆ ಒಂದೊಂದು ಮಗುವಿನ ಫೋಟೋ ಹಂಚುವ ಪದ್ಧತಿಯನ್ನು ನಾವು ಚರ್ಚಿಸಿ ಕೈಬಿಟ್ಟೆವು, ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬಳಿಗೆ ಉಡುಗೊರೆ ಬಂದು ಇನ್ನೊಬ್ಬಳಿಗೆ ಬಾರದಿರುವುದನ್ನು ನೋಡಿದ ಶಿಕ್ಷಕಿಯೇ ಬೇಡವೆಂದರು.

ಹಳೆಯ ಸಾಮಾನು ಕಳಿಸುವುದು ಬೇಡ. ನಮ್ಮ ಪೆಟ್ಟಿಗೆಯೊಂದರಲ್ಲಿ ಲಂಡನ್ನಿನ ಸುರಂಗ ರೈಲಿನ ಬಗೆಗಿನ ಏಳು ಪುಸ್ತಕಗಳು ಹೋಗಿದ್ದವು, ಸಾಗಣೆಗೆ ತೆತ್ತ ಹಣದಲ್ಲಿ ಅಲ್ಲಿಯ ಪಠ್ಯಪುಸ್ತಕಗಳನ್ನು ಅಲ್ಲಿಯೇ ಕೊಂಡು ಇಡೀ ತರಗತಿಗೆ ಹಂಚಬಹುದಿತ್ತು.

ಮಕ್ಕಳ ರಕ್ಷಣೆ ಮತ್ತು ಭೇಟಿ

ಮಕ್ಕಳ ರಕ್ಷಣೆಯ ನಿಯಮಗಳನ್ನು ಬರೆದಿಟ್ಟುಕೊಳ್ಳದೆ ಯಾರನ್ನೂ ಅಲ್ಲಿಗೆ ಕಳಿಸಬಾರದು. ಮಗುವಿನ ಫೋಟೋ ಹಾಕಿದಾಗ ಹೆಸರು, ಊರು ಎರಡನ್ನೂ ಒಟ್ಟಿಗೆ ಹಾಕಬಾರದು, ಹರಿದ ಬಟ್ಟೆಯ ಮಗುವನ್ನು ಆರಿಸಿ ತೆಗೆಯಬಾರದು. ಟ್ರಸ್ಟಿಗಳು ಎರಡು ವರ್ಷಕ್ಕೊಮ್ಮೆ ತಮ್ಮ ಸ್ವಂತ ಖರ್ಚಿನಲ್ಲಿ ಹೋಗಿಬರಲಿ. ಹೋದಾಗ ಸ್ವಾಗತದ ಹಾಡು, ಭಾಷಣ ಮುಗಿದ ಮೇಲೆ ಹಾಜರಿ ಪುಸ್ತಕ ಕೇಳಿ ನೋಡಬೇಕು: ಒಂದನೆಯ ತರಗತಿಯಲ್ಲಿ ಎಷ್ಟು ಹುಡುಗಿಯರು, ಎಂಟನೆಯದರಲ್ಲಿ ಎಷ್ಟು, ಯಾವ ತರಗತಿಯಲ್ಲಿ ಸಂಖ್ಯೆ ಕುಸಿಯುತ್ತದೆ. ಮುಂದಿನ ಮೂರು ವರ್ಷದ ಯೋಜನೆಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ಕಳೆದ ಭೇಟಿಯಲ್ಲಿ ಪಂಪಿನ ಸಮಿತಿಯ ಅಧ್ಯಕ್ಷೆ ನನಗೆ ನಲವತ್ತು ಪುಟದ ಒಂದು ನೋಟ್‌ಬುಕ್ ತೋರಿಸಿದರು. ಪ್ರತಿ ಮನೆಯಿಂದ ತಿಂಗಳಿಗಿಷ್ಟು ಎಂದು ಎತ್ತಿದ ಕ್ವಾಚಾದ ಲೆಕ್ಕ ಅದರಲ್ಲಿತ್ತು, ಕೊನೆಯ ಪುಟದಲ್ಲಿ ಎರಡು ವಾಷರ್ ಮತ್ತು ಒಂದು ಸರಳು ಕೊಂಡ ರಸೀದಿಯನ್ನು ಅಂಟಿಸಿದ್ದರು. ಒಪ್ಪಂದದ ಪ್ರಕಾರ ಆ ವರ್ಷದಿಂದ ಪಂಪಿಗೆ ನಮ್ಮ ಹಣ ನಿಂತಿದೆ.