ಮಿದುಳಿನ ಸ್ಲೈಸ್ ಪಕ್ಕ ಸಿಸ್ಟ್ ಬೆಳೆಸಿದ್ದು: ನನ್ನ ಅನುಭವ

"ಮೂರು ದಿನ ದಾಟೋದಿಲ್ಲ, ಸುಮ್ನೆ ದುಡ್ಡು ಹಾಳು" ಎಂದು ಲ್ಯಾಬಿನ ಹಿರಿಯರೇ ಹೇಳಿದ್ದರು. ಈಗ ಎರಡು ವಾರ ಕಳೆದರೂ ಲಾಡಿಹುಳುವಿನ ಸಿಸ್ಟ್, ಅಂದರೆ ನೀರು ತುಂಬಿದ ಗುಳ್ಳೆಯಂಥ ಅದರ ಮರಿ, ಡಿಶ್‌ನಲ್ಲಿ ಜೀವಂತ ಇಟ್ಟ ಮಿದುಳಿನ ತೆಳು ಸ್ಲೈಸ್ ಪಕ್ಕ ಮಿಸುಕಾಡುತ್ತಿದೆ. ಸ್ಲೈಸೂ ಬದುಕಿದೆ.

ಹುಳು ಟೀನಿಯಾ ಕ್ರ್ಯಾಸಿಸೆಪ್ಸ್, ಓಆರ್‌ಎಫ್ ತಳಿ. ಮನುಷ್ಯರ ಮಿದುಳಿನಲ್ಲಿ ಸಿಸ್ಟ್ ಕಟ್ಟುವುದು ಹಂದಿಯ ಲಾಡಿಹುಳು ಟೀನಿಯಾ ಸೋಲಿಯಂ. ಅದರ ಮೊಟ್ಟೆಯ ಸಹವಾಸ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಅದು ನಮ್ಮ ಹೊಟ್ಟೆ ಸೇರಿದರೆ ಪ್ರಯೋಗ ನಮ್ಮ ತಲೆಯೊಳಗೇ ನಡೆದೀತು! ಅದರ ಬದಲಿಗೆ ತಂದ ಕ್ರ್ಯಾಸಿಸೆಪ್ಸ್ ಇಲಿಯ ಹೊಟ್ಟೆಯಲ್ಲಿ ಮೊಗ್ಗೊಡೆದು ತಾನಾಗಿಯೇ ಹೆಚ್ಚುತ್ತದೆ. ಸ್ಲೈಸ್ ಎಂದಿನಂತೆಯೇ: ವಾರದೊಳಗಿನ ಇಲಿಮರಿ, ಸುಮಾರು 350 ಮೈಕ್ರಾನ್ ದಪ್ಪ, 0.4 ಮೈಕ್ರಾನ್ ರಂಧ್ರದ ಪೊರೆಯ ಮೇಲೆ ಸ್ಲೈಸ್, ಕೆಳಗೆ ಮೀಡಿಯಂ (ಪೋಷಕ ದ್ರವ).

ಶುರುವಲ್ಲಿ ಎಲ್ಲವೂ ಕೈಕೊಟ್ಟಿತು. ಸ್ಲೈಸ್ ಮೇಲಿಟ್ಟ ಸಿಸ್ಟ್ ಮಾರನೇ ದಿನ ಒಣಗಿ ಚಪ್ಪಟೆ. ಮೇಲಿಂದ ಮೀಡಿಯಂ ಹಾಕಿದರೆ ಗಾಳಿ ಸಿಗದೆ ಸ್ಲೈಸ್ ಸಾಯುತ್ತಿತ್ತು. ಪೊರೆಯ ಕೆಳಗೆ ಬಿಟ್ಟರೆ ಸಿಸ್ಟ್ ಆರಾಮಾಗಿತ್ತು, ಮಿದುಳೇ ಕರಗತೊಡಗಿತು. ಸೀರಮ್ ಬದಲಿಸಿದ್ದಾಯಿತು, ಆಂಟಿಬಯೋಟಿಕ್ ಬದಲಿಸಿದ್ದಾಯಿತು. ಗ್ರಾಂಟಿನ ಹತ್ತಿರ ಹತ್ತಿರ ಅರ್ಧ ಸೀರಮ್ಮಿಗೂ ಪೊರೆಗಳಿಗೂ ಹೋಯಿತು.

ಸುಳಿವು ಮೀಡಿಯಂ ಬಣ್ಣದಲ್ಲೇ ಇತ್ತು. ಬೆಳಿಗ್ಗೆ ಕೆಂಪು, ಸಂಜೆಗೆ ಕಿತ್ತಳೆ, ಮಾರನೇ ದಿನ ಹಳದಿ, ಅಂದರೆ ಹುಳಿಯಾಗಿದೆ. ಸೋಂಕು ತಗುಲಿದೆ ಎಂದು ಎಲ್ಲರೂ ಚೆಲ್ಲುತ್ತಿದ್ದರು. ನಾನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ, ಒಂದು ಬ್ಯಾಕ್ಟೀರಿಯಾ ಇಲ್ಲ. ಸಿಸ್ಟ್ ಗ್ಲೂಕೋಸ್ ತಿಂದು ಲ್ಯಾಕ್ಟೇಟ್, ಸಕ್ಸಿನೇಟ್ ಬಿಡುತ್ತದೆ ಅಲ್ವಾ, ಆ ಹುಳಿಗೇ ನರಕೋಶಗಳು ಸಾಯುತ್ತಿದ್ದವು. ಮೂರು ದಿನಕ್ಕೊಮ್ಮೆ ಅರ್ಧ ಮೀಡಿಯಂ ಬದಲಿಸುವ ರೂಢಿ ಬಿಟ್ಟು, ದಿನಕ್ಕೆರಡು ಹೊತ್ತು ಪೂರ್ತಿ ಬದಲಿಸಿದೆ. ಖರ್ಚು ಜಾಸ್ತಿಯೇ. ಆದರೆ ಸ್ಲೈಸ್ ಉಳಿಯಿತು.

ಸಿಸ್ಟ್ ಆರಿಸುವುದರಲ್ಲೂ ಬಿಗಿಯಾದೆ. ಅರ್ಧ ಮಿಲಿಮೀಟರ್ ಮೀರದ, ಮೊಗ್ಗಿಲ್ಲದ, ತಿಳಿಯಾದದ್ದು ಮಾತ್ರ. ಒಂದು ಸ್ಲೈಸಿಗೆ ಒಂದೇ. ಒಣಗದಂತೆ ಅದನ್ನು ಅಂಚಿನಲ್ಲಿ ಕೂರಿಸಲು ಅಗರೋಸ್ (ಜೆಲ್ಲಿಯಂಥ ಪದಾರ್ಥ) ಬೇಕು. ಎಷ್ಟು, ಯಾವಾಗ ಎನ್ನುವುದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ. ಹತ್ತು ದಿನಕ್ಕೆ ಅಗಲ ಒಂದೂವರೆ ಪಟ್ಟಿನ ಆಸುಪಾಸು. ಮೊಗ್ಗೊಡೆದದ್ದನ್ನು ಲೆಕ್ಕದಿಂದ ಕೈಬಿಟ್ಟೆ. ಸೋಲಿಯಂ ಸಿಸ್ಟ್ ಹಾಗೆ ಮೊಗ್ಗೊಡೆಯುವುದಿಲ್ಲವಲ್ಲ, ಹೋಲಿಕೆ ಕೆಡುತ್ತದೆ.

ನಡುವೆ ಔಷಧಿಯನ್ನೂ ಹಾಕಿ ನೋಡಿದೆ. ಡಿಶ್‌ಗೆ ಬರೀ ಅಲ್ಬೆಂಡಜೋಲ್ (ಹುಳುವಿನ ಔಷಧಿ) ಹಾಕಬೇಡಿ, ಮೈಯೊಳಗೆ ಅದು ಬದಲಾಗುವ ರೂಪವಾದ ಸಲ್ಫಾಕ್ಸೈಡನ್ನೇ ಹಾಕಿ. ಅದನ್ನು ಮಾಡಿಕೊಡಲು ಅಲ್ಲಿ ಲಿವರ್ ಇರುವುದಿಲ್ಲ. ಹುಳುವಿನ ಇನ್ನೊಂದು ಔಷಧಿ ಪ್ರಾಜಿಕ್ವಾಂಟೆಲ್ ತಾಗಿದರೆ ಸಿಸ್ಟ್ ಮುದುಡಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಮಿದುಳಿನಲ್ಲಿ ಸಿಸ್ಟ್ ಇರುವ ರೋಗಿಗಳಲ್ಲಿ ಫಿಟ್ಸ್ ಹೆಚ್ಚಾಗಿ ಶುರುವಾಗುವುದು ಸಿಸ್ಟ್ ಸಾಯತೊಡಗಿದಾಗ. ಅದಕ್ಕೇ ಔಷಧಿ ತಾಗಿದವನ್ನು ಎಸೆಯದೆ ಸ್ಲೈಸ್ ಪಕ್ಕದಲ್ಲೇ ಬಿಟ್ಟಿದ್ದೇನೆ. ಮೈಕ್ರೋಗ್ಲಿಯಾಗೆ (ಮಿದುಳಿನ ರಕ್ಷಣಾ ಕೋಶಗಳಿಗೆ) ಬಣ್ಣ ಹಚ್ಚಿ ನೋಡಬೇಕು. ಅದಕ್ಕೆ ಬೇಕಾದ ಆಂಟಿಬಾಡಿ ತರಿಸಲು ಗ್ರಾಂಟಿನಲ್ಲಿ ದುಡ್ಡು ಉಳಿದಿಲ್ಲ.